ಭಾವನ ದೀಪ ಆರಿದ ವಾರ

ಹೊಲಿಗೆ ಕೋಣೆಯಿಂದ,
ಹದಿನಾಲ್ಕನೇ ತಾರೀಖು, ಗುರುವಾರ ಮಧ್ಯಾಹ್ನ

ನನ್ನ ಮುದ್ದು ಮಗಳೇ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಓದುತ್ತ ಕೂತು ಮರೆಯುತ್ತೀಯೋ? ನಾನು ಚೆನ್ನಾಗಿದ್ದೇನೆ. ಕೈ ಮಾತ್ರ ಹೇಳಿದ ಮಾತು ಕೇಳುತ್ತಿಲ್ಲ. ಬೆಳಗಿನಿಂದ ಒಂದೇ ಅಂಗಿಯ ತೋಳನ್ನು ಎರಡು ಸಲ ತಿರುಗಾಮುರುಗಾ ಹೊಲಿದು ಬಿಚ್ಚಿದೆ. ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ, ನಮಗೆ ಬಟ್ಟೆ ತರುವ ಲಾರಿ ಡ್ರೈವರ್ ಕೈಯಲ್ಲೇ ಕಳಿಸುತ್ತಿದ್ದೇನೆ.

ನಮ್ಮ ಮೆಟ್ಟಿಲ ಬಳಿಯ ಸರ್ಕಾರಿ ಕ್ಯಾಮೆರಾ ಬೇಡವೆಂದು ನೀನು ಪತ್ರಿಕೆಯಲ್ಲಿ ಬರೆದು, ಪೊಲೀಸರು ಹುಡುಕಿಕೊಂಡು ಬಂದು, ನೀನು ತಲೆಮರೆಸಿಕೊಂಡು ಆಗಲೇ ವರ್ಷವಾಯಿತು. ಆ ಕ್ಯಾಮೆರಾಕ್ಕೀಗ ಕಟ್ಟಡದವರೆಲ್ಲ, ಮನೆಯವನೇ ಆದನೆಂಬಂತೆ, ‘ಭಾವ’ ಎನ್ನುತ್ತಾರೆ. ಮೊದಮೊದಲು ತಲೆ ತಗ್ಗಿಸಿ ಓಡುತ್ತಿದ್ದವರು ಅದರೆದುರೇ ನಿಂತು ತಲೆ ಬಾಚಿಕೊಳ್ಳುತ್ತಾರೆ. ನಿನಗೆ ಪಾಠ ಹೇಳಿದ ಎದುರುಮನೆ ಮೇಷ್ಟ್ರು ಮೊನ್ನೆ, “ನಾವೇನು ಕದ್ದಿದ್ದೀವಾ? ನೋಡ್ಲಿ ಬಿಡಮ್ಮ” ಎಂದರು. ಮೈಯೆಲ್ಲ ಉರಿಯಿತು. ಆದರೂ ನಿನ್ನ ಪರವಾಗಿ ಒಂದು ಮಾತೂ ಆಡದೆ ಬಂದೆ.

ಹೋದ ವಾರ ಭಾವನ ಕೆಂಪು ದೀಪ ಆರಿತು. ಕುಣಿದಾಡಬೇಕಿತ್ತು, ಅಲ್ಲವೇ? ಇಲ್ಲ ಕಣೇ. ಕಳ್ಳರು ಬಂದರೇನು ಗತಿ, ನಾವೇ ಕೆಡಿಸಿದೆವೆಂದು ಪೊಲೀಸರು ಹಿಡಿದರೇನು ಗತಿ ಎಂದು ಎಲ್ಲರೂ ಒದ್ದಾಡಿದರು. ಬೇಗ ರಿಪೇರಿ ಮಾಡಿಕೊಡಿ ಎಂದು ಅರ್ಜಿ ಹಾಕಿದೆವು. ಬರೆದವಳು ನಾನೇ! ಹೆತ್ತ ಮಗಳನ್ನು ಮನೆ ಬಿಡಿಸಿದ ಯಂತ್ರಕ್ಕಾಗಿ ಅರ್ಜಿ ಬರೆದ ತಾಯಿ ಇನ್ನೊಬ್ಬಳಿರಲಿಕ್ಕಿಲ್ಲ. ನಿನ್ನೆ ರಿಪೇರಿಯವನು ಬಂದು ದೀಪ ಹೊತ್ತಿಸಿದ. ಹೇಳಲು ನಾಚಿಕೆ, ನನಗೂ ಹಾಯೆನಿಸಿತು. ಒಳಗೆ ಕರೆದು ಕೂರಿಸಿ ನೀರು ಕೊಟ್ಟೆ.

ಬೈಯುವುದಿದ್ದರೆ ಬೈದುಬಿಡು, ಮಾತು ಬಿಡಬೇಡ. ನನ್ನ ಆಯುಸ್ಸಿನ ಪಾಲೂ ನಿನಗಿರಲಿ.

ನಿನ್ನ ಅಮ್ಮ

ವಿ.ಸೂ.: ಮರೆತದ್ದಲ್ಲ, ಇಷ್ಟು ಹೊತ್ತು ಧೈರ್ಯ ಬರಲಿಲ್ಲ. ಹೊರಡುವಾಗ ಆ ರಿಪೇರಿಯವನು ಒಂದು ಫಾರಂ ಕೊಟ್ಟ. ಮನೆಮಂದಿಯ ಹೆಸರು, ಸದ್ಯದ ವಿಳಾಸ. ಅವನು ಗದರಿಸಲಿಲ್ಲ, ಒತ್ತಾಯ ಮಾಡಲಿಲ್ಲ. ಖಾಲಿ ಜಾಗ ಕಂಡಿತು, ತುಂಬಿದೆ. ನಿನ್ನ ಹೆಸರನ್ನೂ, ನೀನೀಗ ಇರುವ ವಿಳಾಸವನ್ನೂ. ಯಾರಿಗೂ ಹೇಳಬೇಡವೆಂದು ನೀನು ಆಣೆ ಹಾಕಿಸಿಕೊಂಡಿದ್ದು ನೆನಪಾಗುವಷ್ಟರಲ್ಲಿ ಅವನು ಮಡಚಿ ಜೇಬಿಗೆ ಹಾಕಿಕೊಂಡಿದ್ದ. ವಾಪಸ್ ಕೊಡಪ್ಪ ಎನ್ನಲು ಬಾಯೇ ಬರಲಿಲ್ಲ. ಇದನ್ನು ಓದಿದ ತಕ್ಷಣ ಎದ್ದು ಹೊರಡು. ಹೋಗುವುದು ಎಲ್ಲಿಗೆಂದು ನನಗೆ ಹೇಳಬೇಡ.