ಹೆಸರು ಎದ್ದು ಬಂದು ಹೊಡೆಯುವುದಿಲ್ಲವಂತೆ

...ಅಥವಾ ‘ಹೆಸರೇನು ಎದ್ದು ಬಂದು ಹೊಡೆಯುತ್ತಾ’ ಎಂದಿದ್ದಿರೋ, ‘ಹೆಸರೇನು ಕೈ ಮಾಡುತ್ತಾ’ ಎಂದಿದ್ದಿರೋ, ಮಾನ್ಯ ಜನನ ಮರಣ ನೋಂದಣಾಧಿಕಾರಿಗಳೇ, ಈಗ ನನಗೆ ಸರಿಯಾಗಿ ನೆನಪಿಲ್ಲ. ನಿಮ್ಮ ಕೋಣೆಯ ಫ್ಯಾನು ಕಿರುಗುಟ್ಟುತ್ತಿತ್ತು. ನನ್ನ ಅರ್ಜಿಯ ಮೇಲೆ ಟೀ ಲೋಟ ಇಟ್ಟುಕೊಂಡಿದ್ದಿರಿ. ಲೋಟ ಎತ್ತಿ ಒಂದು ಗುಟುಕು ಕುಡಿದು, ಮತ್ತೆ ಅಲ್ಲೇ ಇಟ್ಟು, ನಗುತ್ತಲೇ ಆ ಮಾತು ಹೇಳಿದಿರಿ. ಕೆಟ್ಟ ನಗೆಯೇನಲ್ಲ. ಊಟದ ಹೊತ್ತು ಹತ್ತಿರವಾದಾಗ ಯಾರಿಗೂ ಬರುವ ನಗೆ.

ನಾನು ಕೇಳಿದ್ದು ಇಷ್ಟು: ನನ್ನ ತಂಗಿಯನ್ನು ಕೊಂದವನ ಮನೆತನದ ಹೆಸರನ್ನು ಅವಳ ಮಗಳ ಹೆಸರಿನಿಂದ ತೆಗೆದುಹಾಕಿ. ನೀವು ಹೇಳಿದ್ದು ಇಷ್ಟು: ಮಗು ಅಪ್ರಾಪ್ತೆ, ತಂದೆ ಜೀವಂತವಾಗಿದ್ದಾನೆ, ಆದ್ದರಿಂದ ತಂದೆಯ ಒಪ್ಪಿಗೆ ಸಹಿ ಬೇಕು. ತಾಯಿಯದೂ ಬೇಕು, ಆದರೆ ಅದಕ್ಕೆ ವಿನಾಯಿತಿ ಇದೆ, ಮರಣ ಪ್ರಮಾಣಪತ್ರ ಲಗತ್ತಿಸಿದರೆ ಸಾಕು ಎಂದಿರಿ. ನಿಮ್ಮ ಉದಾರತೆ ದೊಡ್ಡದು. ಸತ್ತವಳಿಗೆ ವಿನಾಯಿತಿ, ಸಾಯಿಸಿದವನಿಗೆ ಹಕ್ಕು. ಆ ಮರಣ ಪತ್ರವನ್ನು ನಿಮ್ಮ ಕಚೇರಿಯೇ ಕೊಟ್ಟಿದ್ದು. ಅದರಲ್ಲೂ ನನ್ನ ತಂಗಿಯ ಹೆಸರಿನ ಮುಂದೆ ಅವನ ಮನೆತನದ ಹೆಸರೇ ಕೂತಿದೆ. ತಲೆಬುರುಡೆ ಒಡೆದವನ ಹೆಸರು ಹೊತ್ತುಕೊಂಡೇ ಅವಳು ನಿಮ್ಮ ಕಪಾಟು ಸೇರಿದ್ದಾಳೆ.

ನಡೆದದ್ದನ್ನು ಹೇಳಿಬಿಡುತ್ತೇನೆ. ತಂಗಿಯ ಗಂಡ ಹಿತ್ತಾಳೆ ಫಲಕಗಳ ಮೇಲೆ ಹೆಸರು ಕೊರೆಯುವವನು. ಈ ಊರಿನ ಎಷ್ಟೋ ಬಾಗಿಲುಗಳ ಮೇಲೆ ಅವನ ಕೈಯ ಅಕ್ಷರಗಳಿವೆ. ನಿಮ್ಮ ಕೋಣೆಯ ಬಾಗಿಲಿನ ಫಲಕವೂ ಅವನದೇ, ಹೊರಗೆ ಕಾಯುತ್ತ ಕೂತಾಗ ಗುರುತು ಹಿಡಿದೆ. ಅಕ್ಷರದ ವಿಷಯದಲ್ಲಿ ಅವನಷ್ಟು ಶಾಂತ ಮನುಷ್ಯ ಇನ್ನೊಬ್ಬನಿಲ್ಲ. ಮನೆಯಲ್ಲಿ ಹೊಡೆಯುತ್ತಿದ್ದ. ತಂಗಿ ಅವನನ್ನು ಬಿಟ್ಟು ಬರಲು ತೀರ್ಮಾನಿಸಿದ್ದಳು, ಯಾರಿಗೂ ಹೇಳಿರಲಿಲ್ಲ. ಶಾಲೆ ಶುರುವಾಗುವ ಮುಂಚೆ ಮಗಳಿಗೆ ಹೊಸ ಸ್ಟೀಲ್ ನೀರಿನ ಬಾಟಲಿ ತಂದು, ಅದಕ್ಕೆ ಒಂದು ಚೀಟಿ ಅಂಟಿಸಿದಳು. ಚೀಟಿಯ ಮೇಲೆ ಮಗಳ ಹೆಸರು, ಅದರ ಮುಂದೆ ನಮ್ಮ ಅಪ್ಪನ ಮನೆತನದ ಹೆಸರು. ಬಿಟ್ಟು ಹೋಗುತ್ತೇನೆ ಎಂದು ಅವಳು ಬಾಯಿ ಬಿಟ್ಟು ಹೇಳಿರಲಿಲ್ಲ, ಆ ಚೀಟಿ ಹೇಳಿಬಿಟ್ಟಿತು. ಹೆಸರು ಓದುವುದೇ ಕಸುಬಾದವನ ಕಣ್ಣಿಗೆ ಅದು ತಪ್ಪೀತೇ? ಫಲಕ ಬಡಿಯುವ ಸುತ್ತಿಗೆ ಪಕ್ಕದಲ್ಲೇ ಇತ್ತು. ಮೊದಲ ಏಟು ಕೈಗೆ ಬಿತ್ತು, ಯಾಕೆಂದರೆ ಅವಳು ಕೈ ಅಡ್ಡ ಹಿಡಿದಳು. ಎರಡನೆಯದಕ್ಕೆ ಅಡ್ಡ ಹಿಡಿಯಲು ಆ ಕೈ ಏಳಲಿಲ್ಲ. ಆಮೇಲೂ ಅವನು ನಿಲ್ಲಿಸಲಿಲ್ಲವೆಂದು ಶವ ಪರೀಕ್ಷೆ ಮಾಡಿದ ವೈದ್ಯರು ಬರೆದಿದ್ದಾರೆ. ಮಗು ಬಾಗಿಲ ಹತ್ತಿರ ಬಾಟಲಿ ತಬ್ಬಿಕೊಂಡು ನಿಂತಿತ್ತು.

ಮಗುವನ್ನು ನಾವು ಕಡ್ಡಿ ಎನ್ನುತ್ತೇವೆ, ಹಾಗಿದ್ದಾಳೆ. ಶಾಲೆಯ ಹೆಸರು ಬೇರೆ. ಆ ವರ್ಷ ಎಲ್ಲ ಅಮ್ಮಂದಿರೂ ಟೀವಿಯ ಒಂದೇ ಧಾರಾವಾಹಿ ನೋಡುತ್ತಿದ್ದರೆಂದು ಕಾಣುತ್ತದೆ, ಅವಳ ತರಗತಿಯಲ್ಲಿ ಅದೇ ಹೆಸರಿನ ಹುಡುಗಿಯರು ಇನ್ನೂ ಇಬ್ಬರಿದ್ದಾರೆ. ಎಲ್ಲರ ನಡುವೆ ಎಲ್ಲರ ಹಾಗಿರಲಿ, ಯಾರ ಕಣ್ಣೂ ಬೀಳದಿರಲಿ ಎಂದು ತಂಗಿ ಬೇಕೆಂದೇ ಆ ಸಾಮಾನ್ಯ ಹೆಸರು ಆರಿಸಿದ್ದಳು. ಅದರ ಫಲ ನೋಡಿ: ಗೊಂದಲ ಆಗಬಾರದೆಂದು ಟೀಚರು ಆ ಮೂವರನ್ನೂ ಮನೆತನದ ಹೆಸರಿನಿಂದಲೇ ಕರೆಯುತ್ತಾರೆ. ದಿನಾ ಬೆಳಿಗ್ಗೆ ಹಾಜರಿಯಲ್ಲಿ ಆ ಕೊಲೆಗಾರನನ್ನು ಕೂಗುತ್ತಾರೆ. ಕಡ್ಡಿ ಎದ್ದು ನಿಂತು ‘ಬಂದಿದೀನಿ ಟೀಚರ್’ ಎನ್ನಬೇಕು.

ಕೆಲವು ದಿನ ಅಂದಳು. ಆಮೇಲೆ ಬಾಯಿ ಮುಚ್ಚಿಕೊಂಡಳು. ಹಿಂದಿನ ಬೆಂಚಿನ ಹುಡುಗನೊಬ್ಬನಿಗೆ ಅದು ಆಟವಾಯಿತು. ಊಟದ ಬಿಡುವಿನಲ್ಲಿ ಅವಳ ಹಿಂದೆ ಹಿಂದೆ ಹೋಗಿ ಆ ಹೆಸರನ್ನು ರಾಗವಾಗಿ ಕೂಗಿದ. ಕಡ್ಡಿ ತಿರುಗಿ ಅದೇ ಸ್ಟೀಲ್ ಬಾಟಲಿಯಿಂದ ಅವನ ತಲೆಗೆ ಬಾರಿಸಿದಳು. ಬಿದ್ದವನ ಮೇಲೆ ಕೂತು ಮತ್ತೆ ಬಾರಿಸಿದಳು. ಬಿಡಿಸಲು ಬಂದ ಆಯಾಳ ಮಣಿಕಟ್ಟು ಕಚ್ಚಿದಳು. ಹುಡುಗನ ತಲೆಗೆ ಹೊಲಿಗೆ ಹಾಕಿದರು. ಮುಖ್ಯೋಪಾಧ್ಯಾಯಿನಿ ನನ್ನನ್ನು ಕರೆಸಿದರು. ಮೇಜಿನ ಮೇಲೆ ಆ ಬಾಟಲಿ ಇತ್ತು, ಅದರ ಒಂದು ಪಕ್ಕ ನಜ್ಜುಗುಜ್ಜಾಗಿತ್ತು.

‘ಇನ್ನೊಂದ್ಸಲ ಹೀಗಾದ್ರೆ ಟೀಸಿ ಕೊಟ್ಟು ಕಳಿಸ್ತೀನಿ’ ಎಂದರು. ಆಮೇಲೆ ದನಿ ತಗ್ಗಿಸಿ, ‘ಬೇಜಾರು ಮಾಡ್ಕೋಬೇಡಿ, ಅಪ್ಪನ ರಕ್ತ ಎಲ್ಲಿಗೆ ಹೋಗುತ್ತೆ ಹೇಳಿ’ ಎಂದರು.

ಆ ಮಾತಿಗೆ ಉತ್ತರ ಸಿಕ್ಕಿದ್ದು ನಿಮ್ಮ ಕೋಣೆಯಲ್ಲಿ. ‘ಸಹಿ ತನ್ನಿ’ ಎಂದು ನೀವು ಹೇಳಿದಾಗ ನಿಮ್ಮ ಮೇಜಿನ ಮೇಲೆ ಗಾಜಿನ ಪೇಪರ್‌ವೇಟ್ ಒಂದಿತ್ತು, ಒಳಗೆ ನೀಲಿ ಹೂವು. ಅದರ ತೂಕ ಎಷ್ಟಿರಬಹುದು, ನಿಮ್ಮ ಹಣೆಯ ಯಾವ ಭಾಗ ತೆಳುವಾಗಿದೆ ಎಂದು ನಾನು ಬಹಳ ನಿಧಾನವಾಗಿ, ಬಹಳ ಸ್ಪಷ್ಟವಾಗಿ ಯೋಚಿಸಿದೆ. ನಾನು ಕಾಲೇಜಿನ ಪ್ರಯೋಗಾಲಯ ನೋಡಿಕೊಳ್ಳುವವನು, ಜೀವಮಾನದಲ್ಲಿ ಯಾರ ಮೇಲೂ ಕೈ ಎತ್ತಿದವನಲ್ಲ. ನನ್ನ ಮೈಯಲ್ಲಿ ಅವನ ರಕ್ತವೂ ಇಲ್ಲ, ಹೆಸರೂ ಇಲ್ಲ. ಹಾಗಾದರೆ ಆ ಯೋಚನೆ ಎಲ್ಲಿಂದ ಬಂತು ಮಾನ್ಯರೇ? ಕಿವಿಯಲ್ಲಿ ಆ ಹೆಸರನ್ನು ಮತ್ತೆ ಮತ್ತೆ ಬಡಿದರೆ ಯಾರ ಕೈಯಾದರೂ ಏಳುತ್ತದೆ. ಪ್ರಯೋಗಾಲಯದಲ್ಲಿ ಚೀಟಿ ಇಲ್ಲದ ಸೀಸೆಗೆ ನಾವು ಹೆದರುತ್ತೇವೆ. ತಪ್ಪು ಚೀಟಿಯ ಸೀಸೆಗೆ ಇನ್ನೂ ಹೆಚ್ಚು ಹೆದರುತ್ತೇವೆ, ಯಾಕೆಂದರೆ ಜನ ಚೀಟಿ ನಂಬಿ ಒಳಗಿನದನ್ನು ಬಳಸುತ್ತಾರೆ.

‘ಪ್ರಪಂಚದಲ್ಲೆಲ್ಲಾ ಅಪ್ಪನ ಹೆಸರೇ ಕಣ್ರೀ’ ಎಂದೂ ತಿಳಿಹೇಳಿದಿರಿ. ಪ್ರಪಂಚ ನಿಮ್ಮ ಕಿಟಕಿಯಿಂದ ಸ್ವಲ್ಪ ಆಚೆಗೂ ಹಬ್ಬಿದೆ. ಒಂದು ಕಡೆ ಮಗುವಿಗೆ ಅಪ್ಪನದೂ ಅಮ್ಮನದೂ ಎರಡೂ ಮನೆತನದ ಹೆಸರು ಕೊಡುತ್ತಾರೆ. ಇನ್ನೊಂದು ಕಡೆ ಇಂಥವನ ಮಗಳು, ಇಂಥವಳ ಮಗಳು ಎಂದಷ್ಟೇ ಹೇಳಿ ಮುಗಿಸುತ್ತಾರೆ, ಮುಂದಿನ ತಲೆಮಾರಿಗೆ ಅದು ದಾಟುವುದೇ ಇಲ್ಲ. ಕೆಲವರು ಸತ್ತವರ ಹೆಸರನ್ನೇ ಹುಡುಕಿ ಇಡುತ್ತಾರೆ, ಬದುಕಿರುವವರ ಹೆಸರು ಇಟ್ಟರೆ ಅವರ ಆಯುಸ್ಸಿಗೆ ಕುತ್ತು ಎಂದು ಹೆದರುತ್ತಾರೆ. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ಸಾವು ಅಸಹ್ಯಪಟ್ಟು ಮುಂದೆ ಹೋಗಲಿ ಎಂದು ಮಗುವನ್ನು ಕಸವೇ, ಕೊಳಕೇ ಎಂದು ಕರೆಯುತ್ತಾರೆ. ಮತ್ತೆಷ್ಟೋ ಜನಕ್ಕೆ ಹುಟ್ಟಿನಿಂದ ಸಾವಿನವರೆಗೆ ಒಂದೇ ಒಂದು ಹೆಸರು, ಹಿಂದೆ ಮುಂದೆ ಏನೂ ಇಲ್ಲ, ಅವರಿಗೂ ಹಸಿವಾಗುತ್ತದೆ, ನಿದ್ದೆ ಬರುತ್ತದೆ. ಇವರೆಲ್ಲರೂ ತಮ್ಮ ತಮ್ಮ ರೀತಿಯಲ್ಲಿ ಮಗುವಿಗೂ ಸಾವಿಗೂ ನಡುವೆ ಏನನ್ನಾದರೂ ಅಡ್ಡ ಹಿಡಿಯುತ್ತಿದ್ದಾರೆ. ಕೊಂದವನ ಅಪ್ಪಣೆ ಪಡೆದು ಮಗುವನ್ನು ಕರೆಯುವ ಜನ ಎಲ್ಲಿದ್ದಾರೆ ಎಂದು ಹುಡುಕಿದೆ. ನಿಮ್ಮ ಮಹಡಿಯಲ್ಲಿ, ಎಡಗಡೆಯ ಕೋಣೆಯಲ್ಲಿ ಸಿಕ್ಕರು.

ಆದರೂ ನೀವು ಹೇಳಿದಂತೆ ಜೈಲಿಗೆ ಹೋದೆ. ಜಾಲರಿಯ ಆಚೆ ಕೂತಿದ್ದ. ಮೈ ಕೈ ತುಂಬಿಕೊಂಡಿದ್ದಾನೆ. ಅಲ್ಲಿಯೂ ಬ್ಯಾರಕ್ಕುಗಳ ನಂಬರು ಬರೆಯುವ ಕೆಲಸ ಕೊಟ್ಟಿದ್ದಾರಂತೆ, ಉಗುರಿನಲ್ಲಿ ಬಿಳಿ ಬಣ್ಣವಿತ್ತು. ನಾನು ಬಂದ ಕಾರಣ ಹೇಳಿದೆ. ಅವನು ಆ ಉಗುರಿನ ಬಣ್ಣ ಕೆರೆದ.

‘ನಂದು ಅಂತ ಹೊರಗೆ ಉಳಿದಿರೋದು ಅದೊಂದೇ ಭಾವ’ ಎಂದ. ‘ಅವಳೇ ಬಂದು ಕೇಳ್ಲಿ. ಇಲ್ಲಿ, ನನ್ನೆದುರಿಗೆ ನಿಂತ್ಕೊಂಡು, ಅಪ್ಪಾ ಬಿಟ್ಕೊಡು ಅಂತ ಕೇಳ್ಲಿ. ಆಗ ನೋಡೋಣ.’

ಸುತ್ತಿಗೆಯನ್ನು ಪೊಲೀಸರು ಕಿತ್ತುಕೊಂಡರು. ನಿಮ್ಮ ನಿಯಮ ಅವನ ಕೈಗೆ ಇನ್ನೊಂದನ್ನು ಕೊಟ್ಟಿತು. ಜಾಲರಿಯ ಹಿಂದೆ ಕೂತೂ ಅವನು ಆ ಮಗುವಿಗೆ ಹೊಡೆಯಬಲ್ಲ, ಅದೂ ಸರ್ಕಾರಿ ಮೊಹರಿನೊಂದಿಗೆ.

ಮನೆಗೆ ಬಂದೆ. ಕಡ್ಡಿ ಅಡುಗೆಮನೆಯ ನೆಲದ ಮೇಲೆ ಕೂತು ಚಮಚದ ಹಿಂಬದಿಯಿಂದ ಬಾಟಲಿಯ ನಜ್ಜು ಸರಿಮಾಡಲು ಒಳಗಿನಿಂದ ತಿವಿಯುತ್ತಿದ್ದಳು. ಜೈಲಿನ ಸುದ್ದಿ ಎತ್ತಲಿಲ್ಲ. ಆ ಹೆಸರು ಹೋಗಿಬಿಡುತ್ತದೆ, ಅಮ್ಮ ಬರೆದ ಹಾಗೆ ನಮ್ಮ ಮನೆತನದ ಹೆಸರೇ ಹಾಕಿಸುತ್ತೇನೆ ಎಂದೆ. ಹೇಳುವಾಗ ನನಗೊಂದು ಸಣ್ಣ ಹೆಮ್ಮೆಯಿತ್ತು, ಸುಳ್ಳು ಹೇಳುವುದಿಲ್ಲ. ಅವಳು ತಿವಿಯುವುದನ್ನು ನಿಲ್ಲಿಸಿದಳು.

‘ಅದೂ ಬೇಡ ಮಾಮ. ಅದನ್ನ ಬರೆದಿದ್ದಕ್ಕೇ ಅಲ್ವಾ ಅಮ್ಮನ್ನ ಹೊಡೆದಿದ್ದು?’

ಮತ್ತೆ ಏನು ಬೇಕು ಎಂದು ಕೇಳಿದೆ.

‘ಏನೂ ಬೇಡ. ನಂದಷ್ಟೇ.’

ಆದ್ದರಿಂದ, ಮಾನ್ಯರೇ, ನನ್ನ ಹಿಂದಿನ ಅರ್ಜಿಯನ್ನು ವಾಪಸು ಪಡೆಯುತ್ತಿದ್ದೇನೆ. ಟೀ ಲೋಟ ಇಡಲು ಬೇರೆ ಯಾವುದಾದರೂ ಸಿಕ್ಕೀತು. ನನ್ನ ಹೊಸ ಬೇಡಿಕೆಯನ್ನು ಎಲ್ಲರೂ ಓದಲಿ ಎಂದು ಈ ಬಹಿರಂಗ ಪತ್ರದಲ್ಲಿ ಬರೆಯುತ್ತಿದ್ದೇನೆ. ತಾಯಿಯನ್ನು ಕೊಂದ ತಂದೆಯ ಸಹಿ ಕೇಳುವುದನ್ನು ಇಂದೇ ನಿಲ್ಲಿಸಿ. ಈ ಮಗುವಿನ ಹೆಸರಿನ ಮುಂದಿನ ಜಾಗವನ್ನು ಖಾಲಿ ಬಿಡಿ. ಖಾಲಿ ಬಿಟ್ಟರೆ ಕಂಪ್ಯೂಟರ್ ಒಪ್ಪುವುದಿಲ್ಲ ಎಂದು ನಿಮ್ಮ ಗುಮಾಸ್ತರು ಆಗಲೇ ಹೇಳಿದ್ದಾರೆ. ಒಪ್ಪಿಸಿ. ಅದಕ್ಕೆ ತಲೆಯೂ ಇಲ್ಲ, ಒಡೆಯುವ ಭಯವೂ ಇಲ್ಲ. ನೀವು ಒಪ್ಪಿಸುವವರೆಗೆ ದಿನಾ ಬೆಳಿಗ್ಗೆ ಹಾಜರಿಯ ಹೊತ್ತಿಗೆ ನಾನು ನಿಮ್ಮ ಕೋಣೆಯ ಬಾಗಿಲಲ್ಲಿ ನಿಂತು ಆ ಹೆಸರನ್ನು ಒಮ್ಮೆ ಕೂಗುತ್ತೇನೆ. ನೀವು ‘ಬಂದಿದೀನಿ’ ಎನ್ನಿ. ಅದು ಎದ್ದು ಬಂದು ಹೊಡೆಯುತ್ತದೋ ಇಲ್ಲವೋ ನಿಮಗೇ ತಿಳಿಯುತ್ತದೆ.

ಇಂತಿ,
ಯಾರ ಸಹಿಗೂ ಬದಲಾಗಿ ನಡೆಯದ ಸಹಿಯುಳ್ಳ
ಒಬ್ಬ ಸೋದರಮಾವ

ಕಾಗದ ಮಡಿಸುವ ಮುನ್ನ ಒಂದು ಮಾತು ಉಳಿದಿದೆ, ಅದು ನಿಮಗಲ್ಲ. ತಂಗೀ, ಆ ಚೀಟಿಯ ಮೇಲೆ ಮಗಳ ಹೆಸರು ಬರೆದ ಮೇಲೆ, ನಮ್ಮ ಮನೆಯದನ್ನು ಸೇರಿಸುವ ಮುಂಚೆ, ಇಷ್ಟೇ ಸಾಕು ಎಂದು ನಿನ್ನ ಕೈ ಒಂದು ಗಳಿಗೆ ನಿಂತಿತ್ತೇ?