ಹೊಗೆಯಿಲ್ಲದ ಗಾಡಿ, ಹೊಗೆಯಾಡುವ ಗಂಡ

ಚಾಬಹಿಲ್, ಕಾಠ್ಮಂಡು
ಅಸೋಜ್ ೩, ಮಂಗಳವಾರ

ಅನಿಶಾಳ ಅಪ್ಪನಿಗೆ ಗೋಮಾ ಮಾಡುವ ನಮಸ್ಕಾರಗಳು.

ಇಲ್ಲಿ ನಾನು, ಮಗಳು, ನಿಮ್ಮ ಅಮ್ಮ ಮೂವರೂ ಆರಾಮವಾಗಿದ್ದೇವೆ. ಅಲ್ಲಿ ನಿಮ್ಮ ಸಿಟ್ಟೂ ಆರೋಗ್ಯವಾಗಿದೆ ಎಂದು ಪತ್ರ ನೋಡಿ ತಿಳಿಯಿತು. ಪೆನ್ನನ್ನು ಅದೆಷ್ಟು ಒತ್ತಿ ಬರೆದಿದ್ದೀರೆಂದರೆ, ಕಾಗದದ ಹಿಂಬದಿಯಲ್ಲಿ ಬೆರಳಾಡಿಸಿಯೇ ನಿಮ್ಮ ಬೈಗುಳ ಓದಬಹುದು.

ಪತ್ರ ಬಂದಾಗ ನಾನು ಟೆಂಪೊ ಓಡಿಸುತ್ತಿದ್ದೆ. ಅಮ್ಮ ಅದನ್ನು ಅನಿಶಾಳ ಕೈಲಿ ಓದಿಸಿದ್ದಾರೆ. ಮನೆಯೊಳಗೆ ಓದಿಸಿದ್ದರೆ ಸರಿ, ಕೆಳಗಿನ ಚಹಾ ಅಂಗಡಿಯ ಮುಂದೆ ಕೂತು ಓದಿಸಿದ್ದಾರೆ! ಹಾಗಾಗಿ "ದಸೈಂ ಹಬ್ಬದೊಳಗೆ ಆ ಬ್ಯಾಟರಿ ಡಬ್ಬ ಬಿಟ್ಟು ಮಗಳನ್ನ ಕರ್ಕೊಂಡು ಬೀರ್‌ಗಂಜಿಗೆ ಬಾ, ಇಲ್ದಿದ್ರೆ ನಿನ್ನ ಪಾಲಿಗೆ ನಾನಿಲ್ಲ ಅಂದ್ಕೋ" ಎಂಬ ನಿಮ್ಮ ಮಾತು ಈಗ ಇಡೀ ಚಾಬಹಿಲ್‌ಗೆ ಬಾಯಿಪಾಠ. ಕೇಳಿ ಮುಗಿಸಿ ಅಮ್ಮ ಅಂದರಂತೆ, "ಇವನಪ್ಪನೂ ಹೀಗೇ ಇದ್ದ ಕಣೇ. ಕಾಗದದಲ್ಲಿ ಹುಲಿ, ಒಲೆ ಮುಂದೆ ಬೆಕ್ಕು." ಚಹಾದವನು ನಕ್ಕು ನಕ್ಕು ಅವರಿಗೆ ಇನ್ನೊಂದು ಲೋಟ ಚಹಾ ಕೊಟ್ಟನಂತೆ.

ಕಳೆದ ವರ್ಷ ಸರಕಾರ ಡೀಸೆಲ್ ಟೆಂಪೊಗಳನ್ನೆಲ್ಲ ಕಣಿವೆಯಿಂದಾಚೆ ಅಟ್ಟಿದಾಗ ನಿಮಗಾದ ಸಂಕಟ ನನಗೆ ಗೊತ್ತಿಲ್ಲವೇ? ರಾಣಿ ಎಂದು ಹೆಸರಿಟ್ಟು, ದಸೈಂ ಬಂದರೆ ಹಾರ ಹಾಕಿ, ತಿಲಕ ಇಟ್ಟು ಸಾಕಿದ ಗಾಡಿ ಅದು. ನನಗೆ ಬಳೆ ತರುವುದು ಮರೆತರೂ ಅವಳಿಗೆ ಎಣ್ಣೆ ಹಾಕುವುದು ಮರೆತವರಲ್ಲ ನೀವು. "ರಾಣಿ ಇಲ್ಲದ ಊರಲ್ಲಿ ನಂಗೇನು ಕೆಲಸ" ಎಂದು ಆ ಸವತಿಯನ್ನು ಕಟ್ಟಿಕೊಂಡು ತರಾಯಿ ಬಯಲಿನ ಸೆಕೆಗೆ ಇಳಿದು ಹೋದಿರಿ. ನಾನು ಅಳುವಷ್ಟು ಅತ್ತೆ. ಆಮೇಲೆ ಕಣ್ಣೊರೆಸಿಕೊಂಡು ಬ್ಯಾಟರಿ ಟೆಂಪೊ ಓಡಿಸಲು ಕಲಿತೆ. ನಾನು ಅತ್ತಿದ್ದಕ್ಕೆ ನಿಮಗೆ ಬೇಸರವಿಲ್ಲ, ಕಲಿತಿದ್ದಕ್ಕೆ ಸಿಟ್ಟು. ಇದ್ಯಾವ ನ್ಯಾಯ ಸ್ವಾಮಿ?

ರಾಣಿಯ ಗುಣಗಾನ ಎರಡು ಪುಟ ಬರೆದಿದ್ದೀರಿ. ಅವಳ ಹೊಗೆಯ ಬಗ್ಗೆ ಒಂದು ಸಾಲೂ ಇಲ್ಲ. ನಿಮ್ಮ ಅಂಗಿಯ ಕಾಲರನ್ನು ಉಜ್ಜಿ ಉಜ್ಜಿ ನನ್ನ ಗೆಣ್ಣುಗಳು ಸುಲಿದಿದ್ದವು. ಮಗಳು ಮೂಗಿಗೆ ಕರವಸ್ತ್ರ ಕಟ್ಟದೆ ಶಾಲೆಗೆ ಹೋದವಳಲ್ಲ. ಹಿಂದೆ ಬರುತ್ತಿದ್ದ ಸೈಕಲ್ಲಿನವರು ಶಾಪ ಹಾಕಿದರೆ, "ಬಿಡೇ, ಈ ಹೊಗೇಲಿ ಅವರ ಶಾಪಕ್ಕೆ ದಾರಿ ಎಲ್ಲಿ ಕಾಣುತ್ತೆ" ಎಂದು ನಗುತ್ತಿದ್ದಿರಿ. ನಾನೂ ನಗುತ್ತಿದ್ದೆ, ಕೆಮ್ಮುತ್ತಾ.

ಈಗ ಊರೆಲ್ಲ ಸ್ವರ್ಗವಾಗಿದೆ ಎಂದು ಸುಳ್ಳು ಬರೆಯುವುದಿಲ್ಲ. ಮುದಿ ಬಸ್ಸುಗಳು ಇನ್ನೂ ಇವೆ, ಇಟ್ಟಿಗೆ ಗೂಡುಗಳಿವೆ. ಆದರೆ ನಮ್ಮ ಬೀದಿಯಲ್ಲಿ ಬಿಳಿ ಬಟ್ಟೆ ಬಿಳಿಯಾಗಿಯೇ ಒಣಗುತ್ತಿದೆ. ಅನಿಶಾಳ ಕರವಸ್ತ್ರ ಈಗ ಮೂಗು ಒರೆಸಲಿಕ್ಕೆ ಮಾತ್ರ. ನನ್ನ ಗಾಡಿಯದೂ ಕಷ್ಟವಿದೆ. ಮಧ್ಯಾಹ್ನ ಆಯಿತೆಂದರೆ ಚಾರ್ಜಿಂಗ್ ಕೇಂದ್ರಕ್ಕೆ ಹೋಗಿ ಬ್ಯಾಟರಿ ಬದಲಿಸಬೇಕು, ಏರಿನಲ್ಲಿ ಜೀವ ಕೈಯಲ್ಲಿ ಹಿಡಿದಿರಬೇಕು. ಮೊನ್ನೆ ಏರಿನ ನಡುವೆಯೇ ನಿಂತುಬಿಟ್ಟಿತು. ಜನ ಇಳಿದು ತಳ್ಳಿದರು. ನಿಮ್ಮ ಅಮ್ಮ ಮಾತ್ರ ಮುಂದಿನ ಸೀಟಿನಿಂದ ಕದಲಲಿಲ್ಲ. "ನಾನು ಇಳಿದ್ರೆ ನಿಮಗೆ ಹೇಳೋರು ಯಾರ್ರೋ, ತಳ್ಳಿ ತಳ್ಳಿ" ಎಂದು ಮೇಲೆ ಕೂತೇ ಮೇಸ್ತ್ರಿಕೆ ಮಾಡಿದರು.

ತೀಜ್ ಹಬ್ಬಕ್ಕೆ ಗಂಡನ ಹೆಸರಲ್ಲಿ ಉಪವಾಸ ಮಾಡಿದೆಯಾ ಎಂದು ಕೇಳಿದ್ದೀರಿ. ನನ್ನ ಜೊತೆಗಾತಿ ಪಂಫಾ (ಬೆಳಿಗ್ಗೆ ನಾನು ಓಡಿಸುವ ಗಾಡಿಯನ್ನೇ ಮಧ್ಯಾಹ್ನ ಅವಳು ಓಡಿಸುತ್ತಾಳೆ), "ಓಡಿಹೋದ ಗಂಡನಿಗೆ ಎಂಥಾ ಉಪವಾಸ ದಿದಿ?" ಎಂದಳು. ಆದರೂ ಮಾಡಿದೆ. ಹನಿ ನೀರು ಮುಟ್ಟಲಿಲ್ಲ. ನಿಮ್ಮ ಆಯುಸ್ಸು ಗಟ್ಟಿಯಾಗಿರಲಿ, ಜಗಳಕ್ಕೆ ಜನ ಬೇಕಲ್ಲ! ಆದರೆ ಹಿಂದಿನ ದಿನ ಹೊಟ್ಟೆ ತುಂಬ ಉಣ್ಣುವ ದರ್ ಊಟಕ್ಕೆ ಪಂಫಾಳನ್ನು ಮನೆಗೆ ಕರೆದು, ನಿಮ್ಮ ಪಾಲಿನ ಖೀರನ್ನೂ ನಾವೇ ಬಾರಿಸಿದೆವು.

ಹಬ್ಬದ ದಿನದ ಕಥೆ ಕೇಳಿ. ಪಶುಪತಿಗೆ ಹೋಗುವ ಹೆಂಗಸರು ಗಾಡಿ ತುಂಬ, ಎಲ್ಲರೂ ಕೆಂಪು ಸೀರೆ. ತೀಜ್ ಹಾಡೆಂದರೆ ಗಂಡಂದಿರ ಮೇಲಿನ ದೂರು ತಾನೆ? ರಾಣಿಯ ಕಾಲದಲ್ಲಿ ಗಂಟಲು ಹರಿದುಕೊಂಡು ಹಾಡಿದರೂ ಪಕ್ಕದವಳಿಗೆ ಕೇಳುತ್ತಿರಲಿಲ್ಲ. ಗಂಡಂದಿರ ಮಾನ ಉಳಿದಿತ್ತು. ನನ್ನ ಗಾಡಿ ಸದ್ದೇ ಮಾಡುವುದಿಲ್ಲವಲ್ಲ, ಒಂದೊಂದು ದೂರೂ ಬೀದಿಗೆಲ್ಲ ಸ್ಪಷ್ಟವಾಗಿ ಕೇಳಿಸಿತು. ಚೌಕದಲ್ಲಿ ನಿಂತಿದ್ದ ಟ್ರಾಫಿಕ್ ಪೊಲೀಸನ ಹೆಂಡತಿ ನನ್ನ ಬೆನ್ನ ಹಿಂದೆಯೇ ಕೂತಿದ್ದಳು. "ಮೂಲಂಗಿ ತಾ ಅಂದರೆ ಮೂತಿ ಉಬ್ಬಿಸುವವನೇ, ಊರಿಗೆಲ್ಲ ಕೈ ತೋರಿ ಮನೆಯಲ್ಲಿ ಕೈ ಕಟ್ಟುವವನೇ" ಎಂದು ರಾಗ ಎಳೆದಳು. ಆ ಮಹಾರಾಯ ಕೆಂಪಗಾಗಿ ಸೀಟಿ ಊದಿ, ನಾಲ್ಕೂ ಕಡೆಯ ಗಾಡಿ ನಿಲ್ಲಿಸಿ ನಮ್ಮದೊಂದಕ್ಕೇ ದಾರಿ ಬಿಟ್ಟ. ಮಂತ್ರಿಗೂ ಅಂಥ ಮರ್ಯಾದೆ ಸಿಗುವುದಿಲ್ಲ.

ಆಗ ನಿಮ್ಮ ಅಮ್ಮನಿಗೆ ಉಮೇದು ಬಂತು. ನನ್ನ ಪಕ್ಕದಲ್ಲಿ ಕೂತು ತಾವೇ ಕಟ್ಟಿ ಹಾಡಿದರು:

ಹೊಗೆಯ ಕೈಹಿಡಿದು ಹೋದ ನನ್ನ ಮಗನೇ,
ಸೊಳ್ಳೆಯ ಊರಲ್ಲಿ ಸುಖವಾಗಿದ್ದೀಯೇನೋ?
ಸೊಸೆ ಗಾಡಿ ಓಡಿಸ್ತಾಳೆ, ನಾ ಮುಂದೆ ಕೂತಿದೀನಿ,
ಹಿಂದೆ ಜಾಗ ಐತೆ, ಬರ್ತೀಯೇನೋ?

ಗಾಡಿಯೆಲ್ಲ ಚಪ್ಪಾಳೆ. ನಾನೂ ನಕ್ಕೆ. ನಗುತ್ತಲೇ ಕಣ್ಣು ಮಂಜಾಯಿತು, ದಾರಿ ಕಾಣದೆ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಬೇಕಾಯಿತು. ಉಪವಾಸದ ಸುಸ್ತು ಎಂದು ಎಲ್ಲರಿಗೂ ಹೇಳಿದೆ. ಅಮ್ಮ ನನ್ನ ಬೆನ್ನು ಸವರಿದರು.

ಈಗ ಮುಖ್ಯ ವಿಷಯ. ಪಂಫಾ ಬಸುರಿ. ದಸೈಂ ಆದ ಮೇಲೆ ಅವಳು ಗಾಡಿ ಮುಟ್ಟುವುದಿಲ್ಲ. ಮಧ್ಯಾಹ್ನದ ಪಾಳಿ ಖಾಲಿಯಾಗುತ್ತದೆ. ಗಾಡಿಯ ಮಾಲಕಿ ಶಾಕ್ಯ ದಿದಿ ನನ್ನನ್ನೇ ಕರೆದು, "ಯಾರನ್ನಾದ್ರೂ ನೀನೇ ಹುಡುಕು ಗೋಮಾ. ಹಬ್ಬ ಶುರುವಾಗೋದ್ರೊಳಗೆ ಹೆಸರು ಹೇಳು, ಇಲ್ದಿದ್ರೆ ನನ್ನ ತಮ್ಮನ್ನ ಹಾಕ್ತೀನಿ" ಎಂದಿದ್ದಾರೆ. ಒಬ್ಬರಿದ್ದಾರೆ, ಕೈ ಒಳ್ಳೆಯದು, ಮೂಗಿನ ಮೇಲೆ ಸಿಟ್ಟು ಎಂದೆ. ಯೋಚನೆ ಮಾಡಿ ಹೇಳುತ್ತೇನೆ ಎಂದು ಬಂದಿದ್ದೇನೆ.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಕೊಡುತ್ತೇನೆ. ನಾನು ಬೀರ್‌ಗಂಜಿಗೆ ಬರುವುದಿಲ್ಲ. ಗಾಡಿ ಬಿಡುವುದಿಲ್ಲ. ಬೆಳಿಗ್ಗೆ ಕೀ ತಿರುಗಿಸಿದಾಗ ಇಷ್ಟು ಜನ ನನ್ನ ಕೈ ನಂಬಿ ಕೂತಿದ್ದಾರೆ ಎನ್ನಿಸುತ್ತದೆ ನೋಡಿ, ಆ ಸುಖ ನಿಮಗೆ ಹನ್ನೆರಡು ವರ್ಷದಿಂದ ಗೊತ್ತು, ನನಗೆ ಈಗ ತಾನೆ ಸಿಕ್ಕಿದೆ. ಹಾಗೆಂದು ನೀವು ಬೇಡ ಎಂದಲ್ಲ. ನನಗೆ ಗಾಡಿಯೂ ಬೇಕು, ನೀವೂ ಬೇಕು. ಇದು ದುರಾಸೆಯಾದರೆ ಆಗಲಿ. ಸಂಜೆ ಅನ್ನ ಬಡಿಸುವಾಗ ಈಗಲೂ ನಾಲ್ಕು ತಟ್ಟೆ ಇಡುತ್ತೇನೆ. ಅನಿಶಾ ಒಂದನ್ನು ಎತ್ತಿ ಒಳಗಿಡುತ್ತಾಳೆ.

ರಾಣಿಯನ್ನು ಯಾರಿಗಾದರೂ ಮಾರಿ ಬಂದುಬಿಡಿ ಎನ್ನಲೂ ನನಗೆ ಮನಸ್ಸಿಲ್ಲ. ಬೀರ್‌ಗಂಜಿನ ಮಕ್ಕಳಿಗೂ ಮೂಗಿದೆ. ಅವಳಿಗೂ ವಯಸ್ಸಾಯಿತು, ಗುಜರಿಗೆ ಒಪ್ಪಿಸಿ ಕೈಮುಗಿದು ಬನ್ನಿ. ಹಾರ ನಾನು ಕಳಿಸುತ್ತೇನೆ. ಸವತಿಯಾದರೂ ನಮ್ಮ ಮನೆಗೆ ಅನ್ನ ಹಾಕಿದವಳು.

ಸೊಳ್ಳೆ ಪರದೆ ಕಟ್ಟಿಕೊಂಡು ಮಲಗಿ. ಉಪ್ಪಿನಕಾಯಿ ಕಳಿಸುವುದಿಲ್ಲ, ಇಲ್ಲೇ ಬಂದು ತಿನ್ನಿ.

ಇನ್ನೂ ನಿಮ್ಮವಳೇ ಆದ
ಗೋಮಾ

ತಾ.ಕ.: ಬರೆಯಬಾರದು ಎಂದುಕೊಂಡಿದ್ದೆ, ತಡೆಯಲಾಗುತ್ತಿಲ್ಲ. ತೀಜ್ ಆದ ವಾರ ನೀವು ಗುಟ್ಟಾಗಿ ಇಲ್ಲೇ ಪಕ್ಕದ ಪಾಟನ್‌ಗೆ ಬಂದಿದ್ದಿರಿ. ಅಲ್ಲಿನ ಚಾರ್ಜಿಂಗ್ ಕೇಂದ್ರದಲ್ಲಿ ಹರಿ ಎಂದು ಸುಳ್ಳು ಹೆಸರು ಹೇಳಿ, ಒಂದು ಸುತ್ತು ನೋಡುತ್ತೇನೆ ಎಂದು ಬ್ಯಾಟರಿ ಗಾಡಿ ಹತ್ತಿದಿರಿ. ಕೀ ತಿರುಗಿಸಿದರೆ ಸದ್ದಿಲ್ಲ. "ಇದು ಸತ್ತಿದೆ ಕಣ್ರೀ" ಎನ್ನುತ್ತಾ, ಎಬ್ಬಿಸಲಿಕ್ಕೆಂದು ಪೆಡಲನ್ನು ಜೋರಾಗಿ ತುಳಿದಿರಿ. ಗಾಡಿ ಸೀದಾ ಎದುರಿನ ಹೂಕೋಸಿನ ರಾಶಿಯೊಳಗೆ ಹೋಗಿ ನಿಂತಿತು. ಅವತ್ತು ಪಂಫಾ ಬ್ಯಾಟರಿಗೆಂದು ಅಲ್ಲಿಗೇ ಹೋಗಿದ್ದಳು. ನಮ್ಮ ಗೋಡೆಯ ಮದುವೆ ಫೋಟೊ ನೋಡಿದವಳಿಗೆ ಆ ಮೀಸೆ ಗುರುತು ಸಿಗದೆ ಇರುತ್ತದೆಯೇ? ನಾಚಿಕೊಳ್ಳಬೇಡಿ. ಡೀಸೆಲ್‌ನಿಂದ ಬಂದವರೆಲ್ಲ ಮೊದಲ ದಿನ ಹೀಗೇ ಯಾವುದಾದರೊಂದು ಅಂಗಡಿಗೆ ನುಗ್ಗುತ್ತಾರಂತೆ. ತಲೆ ಮೇಲಿನ ಸೊಪ್ಪು ಕೊಡವಿಕೊಂಡು ಎದ್ದ ನೀವು ಅಲ್ಲಿಯವರನ್ನು ಕೇಳಿದ ಮೊದಲ ಮಾತು, "ಚಾಬಹಿಲ್ ಲೈನಲ್ಲಿ ಹೊಸಬರನ್ನ ತಗೋತಾರಾ? ಬೇರೆ ಲೈನ್ ಬೇಡ ನಂಗೆ." ಪಂಫಾ ಇದನ್ನು ಹೇಳಿದಾಗ ನಾನು ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಹೂಕೋಸಿಗೆ ನುಗ್ಗಿದ ಮರುದಿನವೇ ನೀವು ಬೀರ್‌ಗಂಜಿನಿಂದ ಆ ಸಿಟ್ಟಿನ ಪತ್ರ ಬರೆದಿದ್ದು!

ಯೋಚಿಸುತ್ತಿದ್ದೇನೆ ಎಂದು ಮೇಲೆ ಬರೆದಿದ್ದು ಸುಳ್ಳು. ಮಾಲಕಿಗೆ ಅವತ್ತೇ ಹೆಸರು ಕೊಟ್ಟು ಬಂದೆ, ಹರಿ ಎಂದಲ್ಲ, ಪದಮ್ ಬಸ್ನೇತ್ ಎಂದೇ. ಹೂಕೋಸಿನ ವಿಷಯ ಅಮ್ಮನಿಗೆ ಇನ್ನೂ ಹೇಳಿಲ್ಲ. ದಸೈಂಗೆ ಹಣೆಗೆ ಟೀಕಾ ಇಡಿಸಿಕೊಳ್ಳಲು ಅವರ ಮುಂದೆ ನೀವು ಬಂದು ಕೂರದಿದ್ದರೆ ಹೇಳಿಬಿಡುತ್ತೇನೆ.