ಎರ್ನಾಳಿಗಾಗಿ ಎತ್ತಿದ ಕೈ

ಚೂಯ್ ಕಣಿವೆ, ಕಿರ್ಗಿಸ್ತಾನ
ಜೂನ್ 9, 1998

ಪ್ರೀತಿಯ ತಂಗಿ ಅಗಾಥಾ,

ಕರ್ತನ ಶಾಂತಿ ನಿನ್ನ ಮನೆಯಲ್ಲಿರಲಿ. ಜರ್ಮನಿಯಿಂದ ನೀನು ಬರೆದ ಮೂರು ಪತ್ರಗಳಿಗೆ ಇದೊಂದೇ ಉತ್ತರ. ತಡವಾದದ್ದಕ್ಕೆ ಆಲೂಗಡ್ಡೆ ಬಿತ್ತನೆಯನ್ನು ದೂರಬಹುದಿತ್ತು. ಆದರೆ ಸಭೆಯ ಹಿರಿಯನಾದವನು ಸುಳ್ಳು ಬರೆಯಬಾರದಲ್ಲ. ಕೈ ಓಡಲಿಲ್ಲ, ಕ್ಷಮಿಸು.

ನಿಮ್ಮ ಹಾಗೆ ಜರ್ಮನಿಗೆ ಹೊರಟವರೇ ಹೆಚ್ಚು, ಇಲ್ಲಿ ಉಳಿದವರು ಕಡಿಮೆ. ಹಾಡುವ ಮೇಳದಲ್ಲಿ ಈಗ ನಾಲ್ಕೇ ಜನ: ಮೂವರಿಗೆ ಕೆಮ್ಮು, ಒಬ್ಬನಿಗೆ ದಮ್ಮು. ದಮ್ಮಿನವನು ನಾನು. ಕಿಟಕಿಗೆ ರಗ್ಗು ಕಟ್ಟಿ, ಸೋವಿಯತ್ ಪೊಲೀಸರಿಗೆ ಕೇಳಿಸದಂತೆ ಪಿಸುದನಿಯಲ್ಲಿ ಹಾಡುತ್ತಿದ್ದ ಭಾನುವಾರಗಳು ನೆನಪಿವೆಯೇ? ನಿನ್ನ ದನಿ ಏರಿದರೆ ಅಪ್ಪ ಕಣ್ಣು ಬಿಡುತ್ತಿದ್ದರು. ಈಗ ಕಿಟಕಿ ತೆರೆದೇ ಇದೆ, ದನಿ ಏರಿಸುವವರಿಲ್ಲ.

ಈ ವರ್ಷ ದೀಕ್ಷಾಸ್ನಾನಕ್ಕೆ ಬಂದವಳು ಒಬ್ಬಳೇ, ಹೈನ್ರಿಕನ ಮಗಳು ಎರ್ನಾ. ಪದ್ಧತಿಯಂತೆ ಸಭೆಯ ಮುಂದೆ ನಿಂತಳು. ಪ್ರಶ್ನೆ ಕೇಳಬೇಕಾದವರು ನಾವು, ಕೇಳಿದವಳು ಅವಳು.

"ಗೆರ್ಹಾರ್ಡ್ ಮಾಮ, ಬೂರುಲಜ್ಜಿ ನರಕಕ್ಕೆ ಹೋಗ್ತಾಳಾ?"

ನಮ್ಮ ಪಕ್ಕದ ಮನೆಯ ಬೂರುಲ್! ಜರ್ಮನ್ನರೆಂದು ಗಡೀಪಾರು ಮಾಡಿ ನಮ್ಮನ್ನು ಇಲ್ಲಿ ರೈಲಿನಿಂದ ಇಳಿಸಿದ ಚಳಿಗಾಲದಲ್ಲಿ ಅಮ್ಮ ಜ್ವರದಿಂದ ಮಲಗಿದಾಗ, ತನ್ನ ಕೂಸಿನ ಜೊತೆ ನಿನಗೂ ಮೊಲೆಯುಣಿಸಿದವಳು. ಎಪ್ಪತ್ತೇಳನೇ ವಯಸ್ಸಿನಲ್ಲೂ ಐದು ಹೊತ್ತಿನ ನಮಾಜು ಬಿಟ್ಟಿಲ್ಲ, ನನ್ನನ್ನು ಬೈಯುವುದನ್ನೂ ಬಿಟ್ಟಿಲ್ಲ. ಎರ್ನಾಳನ್ನು ಸಾಕಿದ್ದೂ ಅವಳೇ.

ಮುದುಕ ಕ್ಲಾಸೆನ್ ಕೋಲು ಕುಟ್ಟಿದ. "ಕ್ರಿಸ್ತನನ್ನ ಬಿಟ್ಟು ಬೇರೆ ದಾರಿ ಇಲ್ಲ ಕಣಮ್ಮ."

"ಮತ್ತೆ ಅವಳ ಮನೆ ಕುದುರೆ ಹಾಲಿಗೆ ನೀವು ದಿನಾ ದಾರಿ ಹುಡುಕ್ಕೊಂಡು ಹೋಗ್ತೀರಲ್ಲ ತಾತ?"

ಹೆಂಗಸರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ಅಹಂಕಾರ ನೋಡು! ಇನ್ನೊಂದು ವರ್ಷ ಕಾಯ್ಲಿ ಬಿಡಿ," ಎಂದ ಕ್ಲಾಸೆನ್.

ಎಲ್ಲರೂ ನನ್ನತ್ತ ತಿರುಗಿದರು. ಒಪ್ಪಿಗೆ ಸೂಚಿಸಲು ಹಿರಿಯನ ಕೈ ಏಳದೆ ಇನ್ಯಾರ ಕೈಯೂ ಏಳುವುದಿಲ್ಲ, ನಿನಗೇ ಗೊತ್ತು. ಬೇರೆ ದಾರಿಯಿಲ್ಲವೆಂದು ಮೂವತ್ತು ವರ್ಷ ನಾನೇ ಸಾರಿದ್ದೇನೆ. ಈಗಲೂ ನಂಬುತ್ತೇನೆ. ಆದರೆ ಆ ದಾರಿಯಲ್ಲಿ ಯಾರನ್ನು ಎಲ್ಲಿಂದ ಕರೆದೊಯ್ಯುತ್ತಾನೆಂದು ಕರ್ತನು ನನಗೆ ಹೇಳಿಲ್ಲ.

"ನಂಗೆ ಗೊತ್ತಿಲ್ಲ ಮಗಳೇ," ಎಂದೆ. "ಗೊತ್ತಿಲ್ಲದವನ ಕೈಯಿಂದ ಸ್ನಾನ ಆದೀತಾ ನಿಂಗೆ?"

"ಗೊತ್ತು ಅಂದಿದ್ರೆ ಮನೆಗೆ ಹೋಗ್ತಿದ್ದೆ ಮಾಮ."

ಕೈ ಎತ್ತಿದೆ. ಒಂದೊಂದೇ ಕೈ ಎದ್ದಿತು. ಕ್ಲಾಸೆನ್‌ನ ಕೈ ಮಾತ್ರ ಕೋಲಿನ ಮೇಲೇ ಉಳಿಯಿತು.

ಪೆಂತೆಕೊಸ್ತು ಹಬ್ಬದ ದಿನ ಕಾಲುವೆಯಲ್ಲಿ ಅವಳನ್ನು ಮುಳುಗಿಸಿದೆ. ಬೆಟ್ಟದ ಹಿಮ ಕರಗಿದ ನೀರು, ಮೂಳೆ ಕೊರೆಯುತ್ತಿತ್ತು. ದಡದಲ್ಲಿ ಬೂರುಲ್ ಕಂಬಳಿ ಹಿಡಿದು ಕೂಗುತ್ತಿದ್ದಳು: "ಲೋ ಗೆರ್ಹಾರ್ಡ್, ಬೇಗ ಮುಗ್ಸೋ! ಮಗು ನಡುಗ್ತಿದೆ. ನಿಮ್ ದೇವ್ರಿಗೆ ಬಿಸಿನೀರು ಆಗಲ್ವೇನೋ?"

ಕರ್ತನು ನಿನ್ನನ್ನೂ ಮೊಮ್ಮಕ್ಕಳನ್ನೂ ಕಾಯಲಿ. ನಿನ್ನ ನೋಯುವ ಮಂಡಿಯ ಕಡೆಗೂ ಒಮ್ಮೆ ಕಣ್ಣು ಹಾಯಿಸಲಿ.

ನಿನ್ನ ಅಣ್ಣ,
ಗೆರ್ಹಾರ್ಡ್

ತಾ.ಕ.: ವಿಕ್ಟರ್ ಹೋಗಿ ಹತ್ತು ವರ್ಷವಾಯಿತು. ನಿನ್ನ ಮಗ ದೀಕ್ಷಾಸ್ನಾನವನ್ನು ತಿರಸ್ಕರಿಸಿ ಸತ್ತನೆಂದು ಪ್ರತಿ ಪತ್ರದಲ್ಲೂ ಅಳುತ್ತೀಯ. ಆ ವರ್ಷದ ವಸಂತದಲ್ಲಿ ಅವನು ತಾನಾಗಿ ನನ್ನ ಬಳಿ ಬಂದಿದ್ದ ಅಗಾಥಾ. ಬೂರುಲಳ ಬಗ್ಗೆ ಇದೇ ಪ್ರಶ್ನೆ ಕೇಳಿದ. "ಮೊದಲು ತಗ್ಗೋದು ಕಲಿ, ಮುಂದಿನ ವರ್ಷ ಬಾ," ಎಂದು ಕಳಿಸಿದವನು ನಾನು. ನವೆಂಬರಿನಲ್ಲಿ ಅವನ ಲಾರಿ ಉರುಳಿತು. ಸಮಾಧಿಯ ಬಳಿ ನೀನು "ಯಾಕಣ್ಣ ಬೇಡ ಅಂದ ಅವನು?" ಎಂದು ಕೇಳಿದಾಗ ನಾನು ಸುಮ್ಮನಿದ್ದೆ. ಅವನು ಬೇಡ ಅನ್ನಲಿಲ್ಲ. ಮುಂದಿನ ವರ್ಷಕ್ಕೆ ಕಾಯುತ್ತಿದ್ದ.